ಬಾಗಿಲು ಬಿಟ್ಟ ಸುಣ್ಣದ ಸುತ್ತು

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ಬರಿಗಣ್ಣಿಗೆ ಕಾಣದಿದ್ದರೆ ಸೂಕ್ಷ್ಮದರ್ಶಕದ ಕೆಳಗಾದರೂ ಕಾಣಬೇಕು, ಅಷ್ಟೇ. ದವಾಖಾನೆಯ ಲ್ಯಾಬಿನಲ್ಲಿ ರಕ್ತ, ಕೀವು ಪರೀಕ್ಷಿಸುವುದು ನನ್ನ ಕೆಲಸ. ದೆವ್ವ, ಗಾಳಿ ಎಂದವರನ್ನು ಸಾಕಷ್ಟು ಗೇಲಿ ಮಾಡಿದ್ದೇನೆ. ಇದನ್ನು ಓದಿ ನೀವೂ ನಗಬಹುದು, ನನ್ನ ತಕರಾರಿಲ್ಲ.

ಬಾಗಲಕೋಟೆಯ ಹಳೆ ಊರಿನ ಜನ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸುತ್ತಿದ್ದ ಕಾಲವದು. ಇಳಕಲ್ಲಿನಲ್ಲಿ ಸೀರೆ ನೇಯುವ ನನ್ನಣ್ಣನ ಕುತ್ತಿಗೆಯ ಮೇಲೆ ಒಂದು ಕುರು ಎದ್ದಿತು. ಮಗ್ಗಕ್ಕೆ ಕೂತಾಗ ಅಂಗಿಯ ಕಾಲರು ತಿಕ್ಕುತ್ತದೆಂದು, ಅದು ಹಣ್ಣಾಗುವ ಮೊದಲೇ ಉಗುರಿನಿಂದ ಹಿಚುಕಿಬಿಟ್ಟ. ಅವ್ವ ಇದ್ದಿದ್ದರೆ ಬಿಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಯಾರಿಗೆ ಕುರುವಾದರೂ ಅವ್ವನೇ ಅದರ ಸುತ್ತ ಸುಣ್ಣ ಹಚ್ಚುತ್ತಿದ್ದಳು. ಆ ಸುತ್ತನ್ನು ಮಾತ್ರ ಪೂರ್ತಿ ಕೂಡಿಸುತ್ತಿರಲಿಲ್ಲ, ಕಾಲಿನ ಕಡೆಗೆ ಬೆರಳಗಲ ಬಿಡುತ್ತಿದ್ದಳು. ಕೇಳಿದರೆ, "ಕೀವು ಹೊರಗ ಬರಾಕ ಬಾಗಲಾ ಬ್ಯಾಡೇನು?" ಎನ್ನುತ್ತಿದ್ದಳು. ಬೇರೆ ಯಾರೂ ಹಾಗೆ ಬಿಡುವುದನ್ನು ನಾನು ಕಂಡಿಲ್ಲ. ಅವ್ವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಚಳಿಜ್ವರದಿಂದ ನಡುಗುತ್ತಿದ್ದ ಅಣ್ಣನನ್ನು ಬಾಗಲಕೋಟೆಗೆ, ನಾನಿದ್ದ ದವಾಖಾನೆಗೇ ತಂದು ಸೇರಿಸಿದರು. ರಕ್ತ ಪರೀಕ್ಷೆ ನಾನೇ ಮಾಡಿದೆ. ಕೀವು ಕಟ್ಟಿಸುವ ಸ್ಟೆಫಿಲೊಕಾಕಸ್ ರೋಗಾಣು, ದ್ರಾಕ್ಷಿ ಗೊಂಚಲಿನ ಹಾಗೆ ಗುಂಪು ಗುಂಪು. ಹಿಚುಕಿದ ಕುರುವಿನ ನಂಜು ರಕ್ತಕ್ಕೆ ಇಳಿದಿತ್ತು. ಔಷಧ ಏರಿಸಿದರೂ ಜ್ವರ ಇಳಿಯಲಿಲ್ಲ. ಒಳಗೆಲ್ಲೋ ಕೀವು ಕಟ್ಟಿದೆ, ಎಲ್ಲೆಂದು ಸಿಗುತ್ತಿಲ್ಲ ಎಂದರು ಡಾಕ್ಟರು. ಎಲ್ಲಿ ನೋವು ಎಂದರೆ ಅಣ್ಣ "ಮೈಯೆಲ್ಲಾ" ಎನ್ನುತ್ತಿದ್ದ. ಸಿಗದಿದ್ದರೆ ಅವನು ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಡಾಕ್ಟರು ಕೂಗಾಡುವುದು ಕೇಳಿಸಿತು.

"ಯಾರ್ರೀ ದವಾಖಾನಿಯೊಳಗ ಸುಣ್ಣ ಹಚ್ಚಿದವರು?"

ಓಡಿದೆ. ಅಣ್ಣನನ್ನು ಮಗ್ಗಲಿಗೆ ಹೊರಳಿಸಿದ್ದರು. ಎಡತೊಡೆಯ ಹಿಂದೆ, ಬಾವೂ ಇಲ್ಲದ, ಕೆಂಪೂ ಇಲ್ಲದ ಚರ್ಮದ ಮೇಲೆ ಸುಣ್ಣದ ಸುತ್ತೊಂದು ಒಣಗಿತ್ತು. ಕಾಲಿನ ಕಡೆಗೆ ಬೆರಳಗಲ ಬಿಟ್ಟಿತ್ತು. ನರ್ಸು ಅದನ್ನು ಸ್ಪಿರಿಟಿನಿಂದ ಒತ್ತಿ ಒರೆಸಿದಳು, ಅಣ್ಣ ಚೀರಿದ. ಡಾಕ್ಟರು ಬಗ್ಗಿ ಅದೇ ಜಾಗವನ್ನು ಒತ್ತಿ ನೋಡಿದರು. ಅಲ್ಲೇ ಸೂಜಿ ಹಾಕಿದರೆ ಸಿರಿಂಜಿನ ತುಂಬ ಕೀವು! ಕೊಯ್ದು ತೆಗೆದ ಮೇಲೆ ಜ್ವರ ಇಳಿಯಿತು.

ನಾನು ಎಲ್ಲರನ್ನೂ ಕೇಳಿದೆ. ಅತ್ತಿಗೆ ಚಹಾ ತರಲು ಹೋಗಿದ್ದಳಂತೆ. ಸುಣ್ಣ ಹಾಕಿ ತಂಬಾಕು ತಿಕ್ಕುವ ಆಯಾಳ ಮೇಲೂ ಅನುಮಾನಪಟ್ಟೆ. "ನಾ ಯಾಕ ಹಚ್ಚಲ್ರಿ ಅಕ್ಕಾರ?" ಎಂದು ಅವಳು ಅತ್ತೇಬಿಟ್ಟಳು. ಕೊನೆಗೆ ಅಣ್ಣನನ್ನೇ ಕೇಳಿದೆ.

"ನೀನ ಹಚ್ಚಿದ್ಯಲ್ಲ ತಂಗಿ? ಒತ್ತಿ ಒತ್ತಿ ನೋಡಿ ಹಚ್ಚಿದಿ. ಕಣ್ಣ ತೆರಿಯಾಕ ಆಗಲಿಲ್ಲ ನನಗ."

"ನಾ ಅಲ್ಲೋ ಅಣ್ಣಾ" ಎಂದೆ. ಅವನು ನಕ್ಕ, ಇಂದಿಗೂ ನಂಬಿಲ್ಲ. ದವಾಖಾನೆಯವಳು ಸುಣ್ಣ ಹಚ್ಚಿದೆನೆಂದು ಒಪ್ಪಿಕೊಳ್ಳಲು ನಾಚುತ್ತಾಳೆ ಎಂದೇ ತಿಳಿದಿದ್ದಾನೆ. ಇಳಕಲ್ಲಿಗೆ ಹೋದಾಗಲೆಲ್ಲ ಅವನು ಮಗ್ಗ ನಿಲ್ಲಿಸಿ ಬಂದವರ ಮುಂದೆ ಹೇಳುತ್ತಾನೆ:

"ಇಕಿ ಕೈಯಿಂದ ಉಳದೇನಿ ನಾ. ಅವತ್ತ ಎಷ್ಟ ತಣ್ಣಗಿದ್ವು ಆ ಕೈ, ಥೇಟ್ ಅವ್ವನ ಕೈ ಇದ್ದಂಗ."

ನಾನು ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂರುತ್ತೇನೆ. ನನ್ನ ಕೈ ಚಿಕ್ಕಂದಿನಿಂದಲೂ ಬೆಚ್ಚಗೆ. ಚಳಿಗಾಲದಲ್ಲಿ ಅವ್ವ ಈ ಕೈಗಳನ್ನೇ ಹಿಡಿದುಕೊಂಡು ಕೂರುತ್ತಿದ್ದಳು.