ಪಟ್ಟೆ ಚೀಲದ ಕುಚ್ಚಲಕ್ಕಿ

ಮೊನ್ನೆ ಮುಂಬಯಿಯ ಫೋರ್ಟಿನಲ್ಲಿ ನಮ್ಮ ಆಫೀಸಿನ ಹಿಂದಿನ ಉಡುಪಿ ಹೋಟೆಲಿಗೆ ಹೋಗಿದ್ದೆ. ಜ್ವರ ಬಿಟ್ಟು ಎದ್ದ ಬಾಯಿ; ನಾಲಗೆಗೆ ಮಸಾಲೆ ದೋಸೆ ಬೇಕು, ಹೊಟ್ಟೆಗೆ ಬೇಡ. ಗಂಜಿ ಸಿಗುತ್ತದೆಯೇ ಎಂದು ಕೇಳಿದೆ. ಗಿರಾಕಿಗಳಿಗೆ ಮಾಡುವುದಿಲ್ಲ, ಹೋಟೆಲಿನ ಆಳುಗಳಿಗೆಂದು ಮಾಡಿದ್ದು ಉಂಟು, ಬೇಕಾದರೆ ಒಂದು ಬಟ್ಟಲು ಕೊಡಿಸುತ್ತೇನೆ ಎಂದ ಗಲ್ಲಾದಲ್ಲಿ ಕೂತವ. ಬಂತು. ಕುಚ್ಚಲಕ್ಕಿಯ ಗಂಜಿ, ಮೇಲೊಂದು ಮಾವಿನ ಮಿಡಿ. ಆವಿ ಮೂಗಿಗೆ ಬಡಿದದ್ದೇ ತಡ, ವಡಾಲದ ನಮ್ಮ ಚಾಳಿನ ಗ್ಯಾಲರಿ ಕಣ್ಣೆದುರು ಬಂದು ನಿಂತಿತು. ಗ್ಯಾಲರಿಯ ಕೊನೆಗೆ ಮೂಲೆ ಖೋಲಿ, ಒಂದೇ ಕೋಣೆಯ ಮನೆ. ಅದರ ಬಾಗಿಲಲ್ಲಿ, ಬನಿಯನಿನ ಮೇಲೆ ಶಲ್ಯ ಹೊದ್ದ ಮಾವ...

ಸ್ವಂತ ಮಾವನಲ್ಲ. ಊರ ಕಡೆಯಿಂದ ಬಂದ ಅಪ್ಪನ ಪ್ರಾಯದವರೆಲ್ಲ ನನಗೆ ಮಾವಂದಿರು, ಅವರ ಹೆಂಡತಿಯರು ಅತ್ತೆಯರು. ಮೂಲೆ ಖೋಲಿಯ ಮಾವ ಹಡಗು ಕಂಪನಿಯೊಂದರಲ್ಲಿ ಗುಮಾಸ್ತ. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು. ನನ್ನ ನಿಜವಾದ ವಿದ್ಯೆ ಬೇರೆ. ಚಾಳಿನ ಯಾರು ಹೇಗೆ ಕೆಮ್ಮುತ್ತಾರೆ, ನಲ್ಲಿಯ ಹತ್ತಿರ ಯಾರು ಯಾರನ್ನು ಹೇಗೆ ಬೈಯುತ್ತಾರೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಹುಡುಗಿಯರೆದುರು ನಾನು ತೊದಲುವುದನ್ನೂ ಮಾಡಿ ತೋರಿಸುತ್ತಿದ್ದೆ. ಚಪ್ಪಾಳೆ ಹೆಚ್ಚು ಬೀಳುತ್ತಿದ್ದುದು ಅದಕ್ಕೇ.

ಅದು ಬಿಟ್ಟರೆ ಮಾವನ ಪಾತ್ರಕ್ಕೆ. ಏನೇ ಕೊಳ್ಳಲಿ, ಕೊಳ್ಳುವ ಮೊದಲು ಮಾವ ಕನ್ನಡಕವನ್ನು ಹಣೆಗೇರಿಸಿ, ವಸ್ತುವನ್ನು ಮೂಗಿನ ತನಕ ತಂದು, "ಇದು ಎಲ್ಲಿಂದ ಬಂತು?" ಎಂದು ಕೇಳುತ್ತಿದ್ದರು. ಬಾಳೆಹಣ್ಣಿನವನಿಗೆ, ಸೀಮೆಎಣ್ಣೆಯವನಿಗೆ, ಬಳೆಗಾರನಿಗೆ. ಹಾಲಿನ ಭಯ್ಯಾ ಒಮ್ಮೆ ಬೇಸತ್ತು ಎಮ್ಮೆಯಿಂದ ಬಂತು ಎಂದಿದ್ದ. ಮಾವ ನಗಲಿಲ್ಲ. ಎಮ್ಮೆಯ ಕರು ಬದುಕಿದೆಯೋ ಎಂದು ಕೇಳಿದರು. ಅವನು ಕ್ಯಾನು ಎತ್ತಿಕೊಂಡು ಮುಂದಿನ ಬಾಗಿಲಿಗೆ ನಡೆದ. ಮಾರನೆಯ ದಿನದಿಂದ ಮಾವನ ಮನೆಯಲ್ಲಿ ಕರಿ ಕಾಫಿ.

ಆಗ ರೇಶನ್ನಿನ ಕಾಲ. ಅಂಗಡಿಯಲ್ಲಿ ಸಿಗುವ ಕುಚ್ಚಲಕ್ಕಿ ಗುಬ್ಬಚ್ಚಿಯ ಹೊಟ್ಟೆಗೆ ಸಾಕು. ಹೊರಗಿನಿಂದ ನಗರಕ್ಕೆ ಅಕ್ಕಿ ತರುವಂತಿರಲಿಲ್ಲ. ಉಳಿದದ್ದಕ್ಕೆ ಗೋಧಿ, ಇಲ್ಲವೇ ಹಡಗಿನಲ್ಲಿ ಬಂದ ಕೆಂಪು ಜೋಳ. ಹಾಗೆಂದು ನಮ್ಮ ಚಾಳಿನಲ್ಲಿ ಅನ್ನಕ್ಕೆ ಬರವಿರಲಿಲ್ಲ. ಕಲ್ಯಾಣದ ಆಚೆಯಿಂದ ಒಬ್ಬ ಹೆಂಗಸು ಸೊಂಟಕ್ಕೆ ಅಕ್ಕಿ ಕಟ್ಟಿಕೊಂಡು, ಮೇಲೆ ಸೀರೆ ಸುತ್ತಿಕೊಂಡು ಲೋಕಲ್‌ನಲ್ಲಿ ಬರುತ್ತಿದ್ದಳು. ಪೊಲೀಸರ ಕಣ್ಣಿಗೆ ಅವಳು ವರ್ಷವಿಡೀ ಆರು ತಿಂಗಳ ಬಸುರಿ. ನಮ್ಮಲ್ಲಿಗೆ ಬಂದು ಹೆತ್ತು ಹೋಗುತ್ತಿದ್ದಳು. ಎಲ್ಲರೂ ಕೊಳ್ಳುತ್ತಿದ್ದರು, ನಮ್ಮ ಅಮ್ಮನೂ. ಮಾವ ಮಾತ್ರ ಕೊಳ್ಳುತ್ತಿರಲಿಲ್ಲ.

ಯಾಕೆಂದು ನಾನೇ ಒಮ್ಮೆ ಕೇಳಿದ್ದೆ. ನಕಲು ಮಾಡಲು ಹೊಸ ಮಾತು ಸಿಕ್ಕೀತೆಂಬ ಆಸೆಯಿಂದ.

"ನಮ್ಮ ಬಟ್ಟಲಿಗೆ ಕದ್ದು ಬಂದದ್ದು ಬೇರೆ ಯಾರದೋ ಬಟ್ಟಲಿನಿಂದ ಹೋದದ್ದಲ್ವಾ ಮಾರಾಯ? ಅವ ಯಾರು ಅಂತ ಗೊತ್ತಿಲ್ಲ ಅಂದ ಮಾತ್ರಕ್ಕೆ ಅವ ಇಲ್ಲ ಅಂತಲಾ?"

ಒಂದು ಮಧ್ಯಾಹ್ನ ಮಾವ ರಜೆಯಲ್ಲಿದ್ದಾಗ, ಗ್ಯಾಲರಿ ಗುಡಿಸುವ ಹೆಂಗಸು ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದುದನ್ನು ಕಂಡರು. ಸಾತಾರದ ಕಡೆಯವಳು, ಚಾಳಿನವರಿಗೆಲ್ಲ ಬರೀ 'ಬಾಯಿ'. ಒಣ ಭಾಕರಿ, ಎಂದರೆ ಜೋಳದ ರೊಟ್ಟಿ, ಒಂದು ಈರುಳ್ಳಿ, ಮೆಣಸಿನ ಚಟ್ನಿ. ಅನ್ನದ ಒಂದು ಅಗುಳಿಲ್ಲ. ಯಾರದೋ ಬಟ್ಟಲು ಎಂದು ಅಷ್ಟು ದಿನ ಹುಡುಕುತ್ತಿದ್ದ ಬಟ್ಟಲು ಸಿಕ್ಕಿಬಿಟ್ಟಿತು ಮಾವನಿಗೆ. ಅನ್ನವಿಲ್ಲದ ಊಟವನ್ನು ಊಟವೆಂದು ಕರೆಯಲು ನಮ್ಮ ಕಡೆಯವರಿಗೆ ಬರುವುದಿಲ್ಲ. ಆ ವಾರದಿಂದ ತಮ್ಮ ಪಾಲಿನ ರೇಶನ್ ಅಕ್ಕಿಯನ್ನೆಲ್ಲ, ಹಳೆಯ ಪಟ್ಟೆ ಪೈಜಾಮ ಕತ್ತರಿಸಿ ಅತ್ತೆ ಹೊಲಿದ ಚೀಲದಲ್ಲಿ ತುಂಬಿ ಅವಳಿಗೆ ಕೊಡತೊಡಗಿದರು. ತಮ್ಮ ಪಾಲಿನ ಜೊತೆಗೆ ಅತ್ತೆಯ ಪಾಲೂ ಹೋಯಿತು. ಅತ್ತೆಯನ್ನು ಕೇಳಿದರೋ ಇಲ್ಲವೋ... ಆ ಕಾಲದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಅತ್ತೆಗೆ ಭಾಕರಿ ತಟ್ಟಲು ಬರುತ್ತಿರಲಿಲ್ಲ. ಮೂಲೆ ಖೋಲಿಯಿಂದ ತಪ ತಪ ಸದ್ದು ಬರುತ್ತಿತ್ತು, ಆಮೇಲೆ ಚೂರುಗಳನ್ನು ಬಾಚುವ ಸದ್ದು. ನಾನು ಅದನ್ನೂ ಮಾಡಿ ತೋರಿಸುತ್ತಿದ್ದೆ, ಎರಡು ಕೈಯಲ್ಲಿ. ಕೊನೆಗೆ ಅವರು ತಟ್ಟುವುದನ್ನು ಬಿಟ್ಟು ಆ ಕೆಂಪು ಜೋಳವನ್ನೇ ನುಚ್ಚು ಮಾಡಿ ಗಂಜಿ ಬೇಯಿಸತೊಡಗಿದರು. ಹುಟ್ಟಿದಂದಿನಿಂದ ಕುಚ್ಚಲಕ್ಕಿಯನ್ನೇ ಉಂಡ ಹೊಟ್ಟೆ ಒಪ್ಪಲಿಲ್ಲ. ಭೇದಿ ಹಿಡಿಯಿತು. ಬಳೆಗಳು ಮೊಣಕೈ ತನಕ ಏರತೊಡಗಿದವು. ಅಮ್ಮ ಹೋಗಿ, ನೀನಾದರೂ ಹೇಳಬಾರದೇ ಎಂದು ಗದರಿದಾಗ ಅತ್ತೆ ನಕ್ಕಿದ್ದರಂತೆ.

"ಅಭ್ಯಾಸ ಆಗ್ತದೆ ಅಂತ ಇವರು ನನಗೆ ಹೇಳಿದ್ದಾರೆ ಅಕ್ಕ. ಹೊಟ್ಟೆಗೆ ಇನ್ನೂ ಹೇಳ್ಲಿಲ್ಲ."

ಅದಾದ ಕೆಲವು ದಿನಕ್ಕೆ ಗುಡಿಸುವ ಬಾಯಿ ನಮ್ಮ ಬಾಗಿಲಿಗೆ ಬಂದು, ಸೆರಗಿನಡಿಯಿಂದ ಚೀಲ ತೆಗೆದು, ಒಳ್ಳೆಯ ಅಕ್ಕಿ ಉಂಟು, ಬೇಕೇ ಎಂದು ಅಮ್ಮನನ್ನು ಕೇಳಿದಳು. ಪಟ್ಟೆ ಚೀಲ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ. ನಾವು ಬೇಡವೆಂದರೆ ಎದುರು ಮನೆಯವರು ಬೇಕೆನ್ನುತ್ತಾರೆ. ಅಮ್ಮ ಕೊಂಡಳು. ಅದರಲ್ಲೇ ಗಂಜಿ ಮಾಡಿ ಅತ್ತೆಗೆ ಒಂದು ಬಟ್ಟಲು ಕೊಟ್ಟು ಬಂದಳು. ಚೀಲವನ್ನು ತೊಳೆದು ಗ್ಯಾಲರಿಯ ಹಗ್ಗದ ಮೇಲೆ ಹರವಿದಳು. ಬಾಯಿಗೆ ವಾಪಸು ಕೊಡಬೇಕಲ್ಲ.

ಬಟ್ಟಲು ಹಿಂದಿರುಗಿಸಲು ಬಂದ ಮಾವ ಚೀಲದ ಮುಂದೆ ನಿಂತರು. ಕನ್ನಡಕವನ್ನು ಹಣೆಗೇರಿಸಿದರು. ಕೇಳುತ್ತಾರೆಂದು ಕಾದೆ, ಕೇಳಲಿಲ್ಲ. ಗ್ಯಾಲರಿಯ ಆ ತುದಿಯಲ್ಲಿ ಗುಡಿಸುತ್ತಿದ್ದ ಬಾಯಿಯನ್ನು ಕರೆದು, ತಮ್ಮ ಹರಕು ಮರಾಠಿಯಲ್ಲಿ, ಅಕ್ಕಿ ಚೆನ್ನಾಗಿರಲಿಲ್ಲವೇ ಎಂದರು.

ಅವಳಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಅಕ್ಕಿ ಚೆನ್ನಾಗಿಯೇ ಇತ್ತು, ಆದರೆ ಅನ್ನ ಉಂಡರೆ ತಮ್ಮ ಮನೆಯವರಿಗೆ ಹಸಿವು ನಿಲ್ಲುವುದಿಲ್ಲ, ಭಾಕರಿಯೇ ಬೇಕು ಎಂದಳು. ಅಕ್ಕಿ ಮಾರಿ ಊರ ಕಡೆಯ ಬಿಳಿ ಜೋಳ ತರುತ್ತೇನೆ, ಮಕ್ಕಳು ಹೊಟ್ಟೆ ತುಂಬಾ ತಿನ್ನುತ್ತಿದ್ದಾರೆ ಎಂದಳು. ಪೊರಕೆ ಕೆಳಗಿಟ್ಟು ಮಾವನ ಕಾಲಿಗೆ ನಮಸ್ಕಾರ ಮಾಡಿದಳು.

ಮಾವ ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟರು. ಆಮೇಲೆ ಅಮ್ಮನಿಗೆ, "ಎಲ್ಲಿಂದ ಬಂತು ಅಂತ ಇಡೀ ಮುಂಬಯಿಯನ್ನು ಕೇಳಿದೆ ಅಕ್ಕ. ನಿನಗೆಂತ ಬೇಕು ಅಂತ ಇವಳನ್ನು ಕೇಳ್ಲಿಲ್ಲ," ಎಂದರು. ಮೂಲೆ ಖೋಲಿಯತ್ತ ನೋಡಿ, "ಅವಳನ್ನೂ ಕೇಳ್ಲಿಲ್ಲ."

ಆ ಸಂಜೆಯೇ ಆರು ತಿಂಗಳ ಬಸುರಿಯಿಂದ ಮಾವ ಅಕ್ಕಿ ಕೊಂಡರು. ಚೌಕಾಸಿ ಮಾಡಲೂ ಗೊತ್ತಿರಲಿಲ್ಲ, ಅವಳು ಹೇಳಿದ್ದನ್ನು ಕೊಟ್ಟರು. ತಾವೇ ಗಂಜಿ ಬೇಯಿಸಿದರು. ಚಾಳಿಡೀ ಬಾಗಿಲಿಗೆ ಬಂದು ನೋಡಿತು. ಅಂತೂ ಇವರೂ ನಮ್ಮ ಸಾಲಿಗೆ ಬಂದರಲ್ಲ ಎಂದು ಕೆಲವರಿಗೆ ಒಳಗೊಳಗೇ ಸಮಾಧಾನ. ನಾನೇನೂ ಅವರಿಗಿಂತ ಮೇಲಿನವನಾಗಿರಲಿಲ್ಲ... ಅತ್ತೆಯ ಹೊಟ್ಟೆಯಲ್ಲಿ ಆ ಗಂಜಿ ನಿಲ್ಲಲಿಲ್ಲ. ತಿಳಿಯೂ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಆಸ್ಪತ್ರೆಯಿಂದ ಅವರನ್ನು ಸೀದಾ ಸ್ಮಶಾನಕ್ಕೆ ಒಯ್ದೆವು. ಮಾವ ಕೆಲಸ ಬಿಟ್ಟು ಊರಿಗೆ ಹೋದರು. ಕಾಗದ ಬರೆಯಲಿಲ್ಲ. ಈಗ ಇದ್ದಾರೋ ಇಲ್ಲವೋ, ತಿಳಿದವರು ಯಾರೂ ಇಲ್ಲ.

ಮುಂದೆ ರೇಶನ್ ಹೋಯಿತು. ಅಂಗಡಿಗಳ ಮುಂದೆ ಅಕ್ಕಿ ಗುಡ್ಡೆಗುಡ್ಡೆಯಾಗಿ ಬಿತ್ತು, ಇಷ್ಟು ದಿನ ಎಲ್ಲಿಯೂ ಹೋಗಿರಲಿಲ್ಲ ಎಂಬಂತೆ. ಆ ವರ್ಷ ಚಾಳಿನ ಗಣಪತಿಯ ಮುಂದೆ ಮಾವನನ್ನು ಮಾಡಿ ತೋರಿಸು ಎಂದು ಹುಡುಗರು ಹಟ ಹಿಡಿದರು. ಮಾಡಿದೆ. ಕನ್ನಡಕ ಹಣೆಗೇರಿತು, ತೆಂಗಿನಕಾಯಿ ಮೂಗಿನ ತನಕ ಬಂತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಎದ್ದು ಒಳಗೆ ಹೋದಳು. ಅವಳ ಹಿಂದೆ, ಪೊರಕೆ ಗೋಡೆಗೆ ಒರಗಿಸಿ ನೋಡುತ್ತಿದ್ದ ಗುಡಿಸುವ ಬಾಯಿಯೂ. ಆಮೇಲೆ ನಾನು ಮಾವನನ್ನು ಮಾಡಿಲ್ಲ.

ಫೋರ್ಟಿನ ಹೋಟೆಲಿನಲ್ಲಿ ಬಟ್ಟಲು ನನ್ನ ಮುಂದಿತ್ತು. ಅಗುಳೊಂದನ್ನು ಬೆರಳಲ್ಲಿ ಎತ್ತಿ ನೋಡಿದೆ, ದಪ್ಪ, ನಡುವೆ ಕೆಂಪು ಗೆರೆ. ಕೈ ತಾನಾಗಿ ಕನ್ನಡಕದ ಕಡೆ ಹೋಯಿತು. ಈಗ ನನಗೂ ಕನ್ನಡಕ ಬಂದಿದೆ. ಗಂಜಿ ತಂದವ ಪಕ್ಕದಲ್ಲೇ ನಿಂತಿದ್ದ, ಇನ್ನಷ್ಟು ಬೇಕೇ ಎಂದು ಕೇಳಲು.

ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಯಾವ ಆಳಿನ ಪಾಲೆಂದೂ ಕೇಳಲಿಲ್ಲ. ಗಂಜಿ ತಣ್ಣಗಾಗಿತ್ತು, ಕುಡಿದು ಎದ್ದೆ.