ಖಂಡೇನವಮಿಗೆ ಮಲಗಿದ ಸರ್ವರ್

ಪುಣೆಗೆ ಬಂದ ಮೊದಲ ದಿನವೇ ಕಣ್ಣೀರು ಸುರಿಸಿದೆ. ಊರು ನೆನಪಾಗಿ ಅಲ್ಲ, ಉಳ್ಳಾಗಡ್ಡಿಯಿಂದ. ಕಂಪ್ಯೂಟರ್ ಕೆಲಸ ಸಿಕ್ಕಿತೆಂದಾಗ ಗದಗಿನ ನಮ್ಮ ಓಣಿಯವರೆಲ್ಲ ನಾನು ಹಿಂಜವಾಡಿಯ ಗಾಜಿನ ಕಟ್ಟಡದಲ್ಲಿ ಕೂರುತ್ತೇನೆಂದೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ ಅನ್ನಿ. ರಿಕ್ಷಾದವನು ಇಳಿಸಿದ್ದು ಮಾರ್ಕೆಟ್ ಯಾರ್ಡಿನ ಒಂದು ದಲಾಲಿ ಅಂಗಡಿಯ ಮುಂದೆ. ಕೆಳಗೆ ಈರುಳ್ಳಿ ಚೀಲಗಳ ರಾಶಿ, ಹಮಾಲರ ಕೂಗಾಟ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ನನ್ನ ಆಫೀಸು. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅಂಗಡಿಯ ಮಾಲಕರು ನಕ್ಕರು.

"ಎಂಟು ದಿನ ಅಷ್ಟ ರೀ. ಆಮ್ಯಾಲೆ ವಾಸನಿನೂ ಬರೂದಿಲ್ಲ, ಕಣ್ಣೀರೂ ಬರೂದಿಲ್ಲ."

ಮಾಲಕರು ಅಥಣಿ ಕಡೆಯವರು, ತಂದೆಯ ಕಾಲಕ್ಕೇ ಇಲ್ಲಿಗೆ ಬಂದವರು. ಅವರ ಮಾತು ಸುಳ್ಳಾಗಲಿಲ್ಲ. ವಾರದೊಳಗೆ ನನ್ನ ಮೂಗಿಗೂ ಕಣ್ಣಿಗೂ ಎಲ್ಲ ರೂಢಿಯಾಯಿತು.

ರೂಢಿಯಾಗದ್ದು ಬಾಡಿಗೆ ಕೋಣೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಲ್ಲಿಯ ಸದ್ದೂ ಆಗಬಾರದೆಂದು ಮನೆಯೊಡತಿಯ ಕಟ್ಟಪ್ಪಣೆ. ರಜೆಯ ದಿನ ಕೊಡವನ್ನು ಮಗುವಿನ ಹಾಗೆ ಮೆಲ್ಲಗೆ ಇಳಿಸಬೇಕಿತ್ತು. ನಮ್ಮಲ್ಲಿ ಆ ಹೊತ್ತಿಗೇ ನೆರೆಮನೆಯವರು ಹಿತ್ತಿಲ ಬಾಗಿಲಿಂದ ಬಂದು, ಶೇಂಗಾ ಚಟ್ನಿ ಕೇಳುವ ನೆಪದಲ್ಲಿ ಒಂದು ತಾಸು ಹರಟುತ್ತಾರೆ. ಇಲ್ಲಿ ಖಾನಾವಳಿಯಲ್ಲಿ ಸಿಗುವ ಭಾಕರಿಯೂ ಜೋಳದ್ದೇ. ಆದರೆ ನಮ್ಮ ರೊಟ್ಟಿಗಿಂತ ದಪ್ಪ, ಅದನ್ನು ಮುಂದಿಟ್ಟು "ಇನ್ನೊಂದ ತಿನ್ನ" ಎಂದು ಒತ್ತಾಯಿಸುವವರು ಯಾರೂ ಇಲ್ಲ.

ನನ್ನ ಕೆಲಸ ಒಂದು ಜಾವಾ ಸರ್ವರನ್ನು ಕಾಯುವುದು. ಸೊಲ್ಲಾಪುರ, ಕೊಲ್ಹಾಪುರದ ನಮ್ಮ ಅಂಗಡಿಗಳವರು ಇಂಟರ್ನೆಟ್ಟಿನಲ್ಲಿ ಅಂದಿನ ದರ, ಬಂದ ಮಾಲು ನೋಡುತ್ತಿದ್ದರು. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದದ್ದು ನಮ್ಮ ಮೂಲೆಯಲ್ಲಿದ್ದ ಆ ಯಂತ್ರ. ಅದನ್ನು ಹೂಡಿದ ಇಂಜಿನಿಯರ್ ನಾನು ಬರುವ ಮೊದಲೇ ಖರಾಡಿಯ ಯಾವುದೋ ಕಂಪನಿ ಸೇರಿ ಕೈ ತೊಳೆದುಕೊಂಡಿದ್ದ. ಪರದೆಯ ಮೇಲೆ ಅವನು ತೆರೆದಿಟ್ಟ ಕಪ್ಪು ಕಿಟಕಿಯೊಂದು ಸದಾ ಇರುತ್ತಿತ್ತು. ಅದನ್ನು ಮುಚ್ಚಬಾರದೆಂದು ಮರಾಠಿಯಲ್ಲಿ ಬರೆದ ಚೀಟಿ ಪಕ್ಕದಲ್ಲೇ ಅಂಟಿತ್ತು. ಕರೆಂಟು ಹೋದರೆ ಬ್ಯಾಟರಿ, ಅದೂ ಮುಗಿದರೆ ಜನರೇಟರ್. ಯಂತ್ರ ಒಮ್ಮೆಯೂ ಆರಿರಲಿಲ್ಲ. ನಡೆಯುತ್ತಿರುವುದನ್ನು ಕೆದಕಬೇಡ ಎನ್ನುವುದು ನಮ್ಮ ವೃತ್ತಿಯ ಧರ್ಮ, ನಾನೂ ಕೆದಕಲಿಲ್ಲ.

ಆಮೇಲೆ ಖಂಡೇನವಮಿ ಬಂತು. ಲೆಕ್ಕ ಬರೆಯುವ ವಂದನಾತಾಈ (ಮರಾಠಿಯಲ್ಲಿ ತಾಈ ಎಂದರೆ ಅಕ್ಕ) ಬೆಳಿಗ್ಗೆಯೇ ತಕ್ಕಡಿ, ಹಮಾಲರ ಕೊಕ್ಕೆ ಎಲ್ಲ ತೊಳೆಸಿ ಸಾಲಾಗಿ ಇಟ್ಟರು. ಸರ್ವರಿನ ಮುಂದೆ ಬಂದು ನಿಂತು, ಪೂಜೆಯ ಹೊತ್ತಿಗೆ ಆಯುಧ ಕೆಲಸ ಮಾಡಬಾರದು, ಇದಕ್ಕೂ ಒಂದು ಗಳಿಗೆ ನಿದ್ದೆ ಬೇಡವೇ ಎಂದರು. ನಮ್ಮ ಮನೆಯಲ್ಲೂ ಹೊಲಿಗೆ ಯಂತ್ರವನ್ನು ಆ ದಿನ ತುಳಿಯುವುದಿಲ್ಲ. ಸರಿ ಎಂದು ನಾನೇ ಆರಿಸಿದೆ. ಅರಿಷಿಣ ಕುಂಕುಮ, ಚೆಂಡುಹೂವಿನ ಮಾಲೆ, ಆರತಿ ಎಲ್ಲ ಚೆಂದವಾಗಿ ಆಯಿತು. ಮಧ್ಯಾಹ್ನ ಮತ್ತೆ ಗುಂಡಿ ಒತ್ತಿದೆ. ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಮತ್ತೆ ಒತ್ತಿದೆ. ಮತ್ತೆ ಮಾಯ, ಸರ್ವರ್ ಏಳಲೇ ಇಲ್ಲ.

ಅದೇ ಸಂಜೆ ಐದಕ್ಕೆ ಸ್ವಾರಗೇಟಿನಿಂದ ನನ್ನ ಬಸ್ಸು. ಮರುದಿನ ದಸರೆ, ಗದಗಿನಲ್ಲಿ ತಂಗಿ ಸುಧಾಳ ನಿಶ್ಚಯ. ನಾನು ಯುಗಾದಿಗೆ ಹೋಗಿರಲಿಲ್ಲ, ಪಂಚಮಿಗೂ ಹೋಗಿರಲಿಲ್ಲ. "ಅಕ್ಕಾ, ಈ ಸಲ ನೀ ಬರಲಿಲ್ಲಂದ್ರ ನಾ ಉಂಗುರಾನ ಹಾಕ್ಕೊಳ್ಳೂದಿಲ್ಲ ನೋಡ" ಎಂದು ಫೋನಿನಲ್ಲಿ ಗದರಿಸಿದ್ದಳು. ನಿಶ್ಚಯದ ಸೀರೆಯನ್ನು ನನ್ನ ಬಾಯಿಂದ ಬಣ್ಣ ಹೇಳಿಸಿಕೊಂಡೇ ತಂದಿದ್ದಳು.

ಮರುದಿನ ಬೆಳಿಗ್ಗೆಯೇ ಯಾರ್ಡಿನಲ್ಲಿ ವರ್ಷದ ಮುಹೂರ್ತದ ವ್ಯಾಪಾರವೂ ಇತ್ತು. ಆದರೂ ಮಾಲಕರು ಮೇಲೆ ಬಂದು ದೊಡ್ಡ ಮನಸ್ಸಿನಿಂದಲೇ ಹೇಳಿದರು. "ನೀವು ಹೋಗ್ರಿ. ನಾಳಿ ಒಂದಿನ ಫೋನಿನ್ಯಾಗ ದರಾ ಹೇಳ್ತೀವಿ. ತಂಗಿ ನಿಶ್ಚಯ ಭಾಳ ದೊಡ್ಡದ್ರಿ."

ಹೋಗಬೇಕಿತ್ತು. ಬ್ಯಾಗು ಕಾಲ ಬಳಿಯೇ ಇತ್ತು. "ಇದೊಂದು ಸಲ ನೋಡಿ ಹೊಂಟೆ ರೀ" ಎಂದೆ. ಈ ಕೆಲಸ ಮಾಡುವವರ ಹಾಳು ಚಟ ಅದು. ಮುಂದಿನ ಸಲ ಎದ್ದೇ ಬಿಡುತ್ತದೆ ಅನ್ನಿಸುತ್ತದೆ, ಪ್ರತಿ ಸಲವೂ ಹಾಗೇ ಅನ್ನಿಸುತ್ತದೆ.

ಚಾಲನೆಯ ಆಜ್ಞೆಯನ್ನು ಬೇರೆ ಕಿಟಕಿಯಲ್ಲಿ ಕೈಯಾರೆ ಟೈಪ್ ಮಾಡಿದಾಗ ತಪ್ಪು ಕಣ್ಣಿಗೆ ಬಿತ್ತು. ತಾನು ಓಡಲು ಬೇಕಾದ ಜಾವಾ ತಂತ್ರಾಂಶ ಎಲ್ಲಿದೆಯೆಂದೇ ಸರ್ವರ್‌ಗೆ ಗೊತ್ತಿಲ್ಲ! ಆ ಪುಣ್ಯಾತ್ಮ ಅದರ ಜಾಗವನ್ನು ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿದ್ದನೇ ಹೊರತು ಯಂತ್ರದ ಕಾಯಂ ಸೆಟ್ಟಿಂಗಿನಲ್ಲಿ ಬರೆದಿರಲಿಲ್ಲ. ಕಿಟಕಿ ಇರುವ ತನಕ ನೆನಪು, ಮುಚ್ಚಿದರೆ ಮರೆವು. ಜಾಗ ತೋರಿಸಿದೆ, ಸರ್ವರ್ ಎದ್ದಿತು. ಅಬ್ಬಾ ಎಂದು ಬ್ಯಾಗಿಗೆ ಕೈ ಹಾಕಿದರೆ ದರದ ಪುಟ ಖಾಲಿ. ದತ್ತಾಂಶ ತಂದುಕೊಡುವ ಫೈಲಿನ ದಾರಿಯನ್ನೂ ಅವನು ಹಾಗೇ ಬಾಯಿಲೆಕ್ಕದಲ್ಲಿ ಇಟ್ಟಿದ್ದ. ಫೈಲು ಹುಡುಕಿ, ಸರಿಯಾದ ಫೋಲ್ಡರಿಗೆ ಹಾಕಿ, ಎಲ್ಲವನ್ನೂ ಕಾಯಂ ಮಾಡಿ, ಯಂತ್ರ ಆರಿಸಿ ಮತ್ತೆ ಹಚ್ಚಿದೆ. ತಾನಾಗಿ ಎದ್ದಿತು. ದರಗಳು ಪರದೆಯ ತುಂಬ ಬಂದವು. ವಂದನಾತಾಈ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಗೋಡೆಯ ಗಡಿಯಾರ ನೋಡಿದೆ.

ಸ್ವಾರಗೇಟಿಗೆ ಓಡಿದೆ. ನನ್ನ ಬಸ್ಸು ಹೋಗಿತ್ತು. ಹಬ್ಬದ ಗದ್ದಲದಲ್ಲಿ ಬೇರೆ ಬಸ್ಸುಗಳಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಬ್ಯಾಗು ಹೊತ್ತು ಮರಳಿದಾಗ ಮನೆಯೊಡತಿ ಬಾಗಿಲಲ್ಲೇ ಕೇಳಿದರು: "ತುಮಚ್ಯಾ ಗಾವಾಲಾ ನಾಹೀ ಗೇಲಾತ?" ನಿಮ್ಮೂರಿಗೆ ಹೋಗಲಿಲ್ಲವೇ ಎಂದು. ಇಲ್ಲವೆಂದು ತಲೆಯಾಡಿಸಿದೆ.

ದಸರೆಯ ಬೆಳಿಗ್ಗೆ ವ್ಯಾಪಾರ ಸುಸೂತ್ರವಾಗಿ ನಡೆಯಿತು. ವಂದನಾತಾಈ ನನ್ನ ಕೈಗೆ ಎಲೆಯೊಂದನ್ನು ಇಟ್ಟು, ಚಿನ್ನ ತಗೊಂಡು ಚಿನ್ನದಂತಿರು ಎಂದರು. ನಾವು ಬನ್ನಿ ಕೊಟ್ಟು ಹೇಳುವ ಮಾತೇ. ಆದರೆ ಇಲ್ಲಿಯದು ಆಪಟಾ ಎಂಬ ಗಿಡದ ಅಗಲ ಎಲೆ, ಬನ್ನಿಯ ಸಣ್ಣ ಎಸಳಲ್ಲ. ಅಷ್ಟರಲ್ಲಿ ಫೋನು ಬಂತು. ಹಿಂದೆ ಹೆಂಗಸರ ನಗು, ತಟ್ಟೆಗಳ ಸದ್ದು.

"ಉಂಗುರಾ ಹಾಕ್ಕೊಂಡೆ ಅಕ್ಕಾ," ಎಂದಳು ಸುಧಾ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ನಿನ್ನ ಪಾಲಿನ ಬನ್ನಿ ತಗದ ಇಟ್ಟೀನಿ. ನಿಮ್ಮೂರಾಗ ಬನ್ನಿ ಕೊಡ್ತಾರೇನ?"

ನಿಮ್ಮೂರಂತೆ! ಇವಳಿಗೆ ಪುಣೆ ನನ್ನೂರು, ಮನೆಯೊಡತಿಗೆ ಗದಗ ನನ್ನೂರು. "ಕೊಡ್ತಾರವ್ವಾ, ಎಲಿ ಬ್ಯಾರೆ" ಎಂದು ಫೋನಿಟ್ಟೆ.

ಮಾಲಕರು ಪೇಢೆಯ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದವರು ನನ್ನ ಮುಖ ನೋಡಿ ನಿಂತುಬಿಟ್ಟರು.

"ಏನ್ರೀ ಇದು, ಇನ್ನೂ ಉಳ್ಳಾಗಡ್ಡಿ ಹತ್ತತದೇನು ನಿಮಗ?"

"ಹೌದ್ರಿ," ಎಂದೆ. "ಇನ್ನೂ ಹತ್ತತದ."