ಗ್ಲಾಸಿನ ತಳದ ಖಾರ

ನಮ್ಮ ಅಣ್ಣಿಗೇರಿಯಲ್ಲಿ ರಹೀಮಾಬಿ ಕುಟ್ಟಿದ ಖಾರದಪುಡಿ ಇಲ್ಲದ ಮನೆಗಳೇ ಕಡಿಮೆ. ಗಂಡ ತೀರಿದ ಮೇಲೆ ಒನಕೆ ಹಿಡಿದವಳು, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಮೆಣಸಿನಕಾಯಿಗೆ ಎಣ್ಣೆ ಸವರಿ, ಹುಳ ಬೀಳದಂತೆ ಹರಳುಪ್ಪು ಹಾಕಿ, ನಮ್ಮ ಅಂಗಳದ ಒರಳಿನಲ್ಲೇ ಕುಟ್ಟುತ್ತಿದ್ದಳು. ಹದಿನೈದು ವರ್ಷ ನಾನು ಬೇರೆಯವರ ಖಾರ ಮುಟ್ಟಿರಲಿಲ್ಲ. ಅಂಥ ನಾನೇ ಮಾಡಿದ್ದು ಕೇಳಿ.

ಎಂಬತ್ತಾರನೆಯ ಇಸವಿ ಇರಬೇಕು. ಸಂತೆಗೆ ಪಾಕೀಟು ಖಾರದ ಕಂಪನಿಯ ವ್ಯಾನು ಬಂತು. ಮೈಕು ಹಿಡಿದವನು ಎರಡು ಗ್ಲಾಸು ನೀರಿಟ್ಟ. ಒಂದಕ್ಕೆ ತನ್ನ ಪುಡಿ ಉದುರಿಸಿದ, ತೇಲಿತು. ಇನ್ನೊಂದಕ್ಕೆ, ಅಲ್ಲೇ ಖಾರ ಮಾರುತ್ತ ಕೂತಿದ್ದ ರಹೀಮಾಬಿಯ ಬುಟ್ಟಿಯಿಂದಲೇ ಒಂದು ಚಿಟಿಕೆ ತಂದು ಹಾಕಿದ, ಸರ್ರನೆ ತಳ ಸೇರಿತು.

"ನೋಡ್ರಿ ಅಕ್ಕಾರ! ಮುಳುಗಿದ್ದೆಲ್ಲಾ ಇಟ್ಟಂಗಿ ಪುಡಿರಿ!"

ಇಟ್ಟಿಗೆ ಪುಡಿಯಂತೆ, ಹಾಳಾದವನು! ಉಪ್ಪು ಬೆರೆತ ದಪ್ಪಪುಡಿ ಮುಳುಗದೆ ಇನ್ನೇನು ಮಾಡೀತು? ಕುಟ್ಟುವುದನ್ನು ಕಣ್ಣಾರೆ ಕಂಡವಳು ನಾನು. ಆದರೂ ಮಂದಿಯ ಹಿಂದೆ ಹೋಗಿ, ಒಂದು ಪಾಕೀಟು ಕೊಂಡು ಸೆರಗಿನೊಳಗೆ ಮುಚ್ಚಿಕೊಂಡೆ. ರಹೀಮಾಬಿ ನೋಡಿಬಿಟ್ಟಳು.

ಖಾರದ ಹೆಸರು ಕೆಟ್ಟರೆ ಅವಳ ಹೊಟ್ಟೆಪಾಡೇ ಮುಗಿದಂತೆ. ನೆಟ್ಟಗೆ ವ್ಯಾನಿನ ಹತ್ತಿರ ಹೋದಳು. ತನ್ನ ಖಾರ ಹಾಕಿದ್ದ ಗ್ಲಾಸಿನ ನೀರು ಚೆಲ್ಲಿ, ತಳದ ಪುಡಿಯನ್ನು ಬೆರಳಿನಿಂದ ಬಳಿದು, ಎಲ್ಲರೆದುರು ಅಗಿದು ನುಂಗಿದಳು.

"ಇಟ್ಟಂಗಿ ಇದ್ರ ಹಲ್ಲಿಗೆ ಕರಕರ ಅಂತಿತ್ತು. ಬಾ, ಈಗ ನೀ ನಿಂದು ತಿನ್ನು."

"ಖಾರ ತಿಂದ್ರ ನನಗ ಹೊಟ್ಟಿ ಉರೀತೈತ್ರಿ," ಅಂದ ಅವನು.

ಸಂತೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಕ್ಕವರೇ ಪಾಕೀಟನ್ನೂ ಕೊಂಡರು, ಜೊತೆಗೆ ಸ್ಟೀಲಿನ ಚಮಚ ಪುಕ್ಕಟೆ ಇತ್ತಲ್ಲ! ವ್ಯಾನು ಹೋಯಿತು, ಸಂಶಯ ಇಲ್ಲೇ ಉಳಿಯಿತು. "ಒಂಚೂರು ನೀರಿಗೆ ಹಾಕಿ ತೋರಸಬೇ," ಎನ್ನದೆ ಯಾರೂ ಅವಳ ಖಾರ ಕೊಳ್ಳಲೊಲ್ಲರು. ರಹೀಮಾಬಿ ಹಟ ಬಿಡುವವಳಲ್ಲ. ಬುಟ್ಟಿಯ ಬಾಜು ನೀರಿನ ಗ್ಲಾಸನ್ನೇ ಇಟ್ಟುಕೊಂಡಳು. ಕೇಳುವ ಮೊದಲೇ ಚಿಟಿಕೆ ಹಾಕುವುದು, ನೀರು ಚೆಲ್ಲುವುದು, ತಳದ್ದನ್ನು ತಿಂದು ತೋರಿಸುವುದು. ಸಂಜೆಯ ಹೊತ್ತಿಗೆ ಅವಳ ತುಟಿ ಬಾತಿರುತ್ತಿತ್ತು.

ಎರಡು ತಿಂಗಳಿಗೆ ನನ್ನ ಪಾಕೀಟು ಮುಗಿಯಿತು. ಆ ಪುಡಿಯ ಸಾರು ನಮ್ಮ ಮನೆಯಲ್ಲಿ ಯಾರಿಗೂ ಸೇರಲಿಲ್ಲ. ಮಾರಿ ತಗ್ಗಿಸಿಕೊಂಡು ಅವಳ ಬುಟ್ಟಿಯ ಮುಂದೆ ಕೂತೆ.

"ನನಗೇನ ತೋರಸೂದು ಬ್ಯಾಡ ರಹೀಮಾಬಿ, ತೂಗಿ ಕೊಡು ಸಾಕು."

ಅವಳು ಗ್ಲಾಸನ್ನು ಮುಂದಕ್ಕೆ ಎಳೆದಳು. ಚಿಟಿಕೆ ಹಾಕಿದಳು, ಮುಳುಗಿತು. ನೀರು ಚೆಲ್ಲಿ ಗ್ಲಾಸನ್ನು ನನ್ನ ಕೈಗೇ ಹಿಡಿಸಿದಳು.

"ಮಂದಿಗೆ ನಾ ತಿಂದು ತೋರಸ್ತೀನ್ರಿ ಅಕ್ಕಾರ. ನೀವು ಕುಟ್ಟೂದು ನೋಡಿದವರು. ನೀವ ತಿನ್ನರಿ."

ಸಂತೆಯ ಮಂದಿಯೆಲ್ಲ ನೋಡುತ್ತಿದ್ದರು. ತಿಂದೆ. ನಾನು ಪೂರ್ತಿ ನುಂಗಿದ ಮೇಲೆಯೇ ಅವಳು ತಕ್ಕಡಿ ಎತ್ತಿದಳು.